ಉಳುವಾಗ ಸಿಕ್ಕ ಕಬ್ಬಿಣ

ಪ್ರೀತಿಯ ಮಗಳಿಗೆ ಆಶೀರ್ವಾದಗಳು.

ನೀನು ಕಳುಹಿಸಿದ ಫೋಟೋವನ್ನು ನಿನ್ನೆಯಿಂದ ಮತ್ತೆ ಮತ್ತೆ ದೊಡ್ಡದು ಮಾಡಿ ನೋಡುತ್ತಿದ್ದೇನೆ. ಮದ್ದೂರಿನ ಹೆದ್ದಾರಿ ಬದಿಯಲ್ಲಿ ಎಳನೀರು ಜೋಡಿಸಿಟ್ಟ ಹಾಗೆ, ವಿದ್ಯುತ್ ಕಂಬದ ಬುಡದಲ್ಲಿ ಮೊದಲನೆಯ ಮಹಾಯುದ್ಧದ ತುಕ್ಕು ಹಿಡಿದ ಫಿರಂಗಿ ಶೆಲ್‌ಗಳಿವೆ. ಒಂದರ ಮೈಗೆ ಇನ್ನೂ ಹಸಿ ಮಣ್ಣು ಮೆತ್ತಿಕೊಂಡಿದೆ. ಉಳುವಾಗ ಸಿಕ್ಕಿದ್ದನ್ನು ರೈತರು ಹೀಗೆ ತಂದಿಡುತ್ತಾರೆ, ಸೈನ್ಯದವರು ಬಂದು ಒಯ್ಯುತ್ತಾರೆ ಎಂದು ಎಷ್ಟು ಸಲೀಸಾಗಿ ಬರೆದಿದ್ದೀಯೆ! ಮುಂದಿನ ತಿಂಗಳು ಬೆಲ್ಜಿಯಂನ ಈಪರ್ ಊರಿನ ಸುತ್ತಲಿನ ಹೊಲಗಳಿಗೆ ಮಣ್ಣಿನ ಮಾದರಿ ತೆಗೆಯಲು ಹೋಗುತ್ತೇನೆ ಎಂಬ ಸಾಲು ಅದರ ಕೆಳಗೇ ಇದೆ. ಫೋನಿನಲ್ಲಾದರೆ ನನ್ನ ದನಿ ಏರುತ್ತದೆ, ನೀನು ಇಟ್ಟುಬಿಡುತ್ತೀಯೆ, ಅದಕ್ಕೇ ಬರೆಯುತ್ತಿದ್ದೇನೆ. ನೀನು ಹೊರಡುವ ಮುನ್ನ ನಡೆದ ಮಾತು ಇಬ್ಬರಿಗೂ ನೆನಪಿದೆ, ಅದನ್ನು ಮತ್ತೆ ಎತ್ತುವುದಿಲ್ಲ.

ಮೊದಲನೆಯ ಮಹಾಯುದ್ಧ 1918ರ ನವೆಂಬರ್ 11ರಂದು ಮುಗಿಯಿತೆಂದು ನಾವು ಬಾಯಿಪಾಠ ಮಾಡಿದ್ದೆವು, ಪರೀಕ್ಷೆಗೆ ಅಷ್ಟು ಸಾಕಾಗಿತ್ತು. ಆದರೆ 2014ರ ಮಾರ್ಚ್ ತಿಂಗಳಲ್ಲಿ ಅದೇ ಈಪರಿನಲ್ಲಿ, ಕಟ್ಟಡ ಕಾಮಗಾರಿಯ ಜಾಗದಲ್ಲಿ ಹಳೆಯ ಶೆಲ್ ಸಿಡಿದು ಇಬ್ಬರು ಕೆಲಸಗಾರರು ಸತ್ತರು. ಆ ಯುದ್ಧ ಅವರ ತಂದೆತಾಯಿಯರ ಕಾಲದ್ದೂ ಆಗಿರಲಾರದು. ಹೊರಗಿನ ಕಬ್ಬಿಣ ತುಕ್ಕು ತಿಂದಷ್ಟೂ ಒಳಗಿನ ಮದ್ದು ನಿರುಪದ್ರವಿಯಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡ. ಕೆಲವು ಶೆಲ್‌ಗಳಲ್ಲಿ ಮದ್ದಿನ ಜೊತೆ ವಿಷವೂ ಇದೆ. ಸಾಸಿವೆ ಅನಿಲವನ್ನು ಯುದ್ಧದಲ್ಲಿ ಮೊದಲು ಬಳಸಿದ್ದು, 1917ರ ಜುಲೈನಲ್ಲಿ, ನೀನು ಹೋಗುವ ಊರಿನ ಹತ್ತಿರವೇ. ಮಣ್ಣು ಕೊರೆಯುವ ಆಗರ್ ಇಳಿಸುವಾಗ ಲೋಹದ ಸದ್ದು ಬಂದರೆ, ಕಲ್ಲಿರಬಹುದೆಂದು ಇನ್ನೊಂದು ಸಲ ತಿರುಗಿಸಬೇಡ. ಕೈಬಿಟ್ಟು ಹಿಂದೆ ಸರಿ. ಪ್ರೊಫೆಸರ್ ಏನೆಂದುಕೊಳ್ಳುತ್ತಾರೋ, ಜೊತೆಯವರು ನಗುತ್ತಾರೋ ಎಂದು ಯೋಚಿಸಬೇಡ. ನೆನಪಿಗೆಂದು ಚೂರು ಕಬ್ಬಿಣವನ್ನೂ ಜೇಬಿಗೆ ಹಾಕಿಕೊಳ್ಳಬೇಡ. ಚಿಕ್ಕಂದಿನಲ್ಲಿ ಗದ್ದೆಯ ಬದುವಿನಲ್ಲಿ ಸಿಕ್ಕಿದ್ದನ್ನೆಲ್ಲ ಹೆಕ್ಕಿ ತರುತ್ತಿದ್ದವಳು ನೀನು, ಅದಕ್ಕೇ ಹೇಳುತ್ತಿದ್ದೇನೆ.

ಫ್ರಾನ್ಸಿನ ವೆರ್ಡನ್ ಬಳಿ, ಯುದ್ಧ ಮುಗಿದ ಮೇಲೆ ರಾಸಾಯನಿಕ ಶೆಲ್‌ಗಳನ್ನು ಗುಡ್ಡೆ ಹಾಕಿ ಸುಟ್ಟ ಜಾಗವೊಂದಿದೆಯಂತೆ. ಅಲ್ಲಿನ ಮಣ್ಣಿನಲ್ಲಿ ಇಂದಿಗೂ ಆರ್ಸೆನಿಕ್, ಸತು, ಸೀಸ ತುಂಬಿಕೊಂಡಿದ್ದು, ನಡುಭಾಗದಲ್ಲಿ ಹುಲ್ಲು ಕೂಡ ಸರಿಯಾಗಿ ಏಳುವುದಿಲ್ಲ. ಇದನ್ನೆಲ್ಲ ನಿನಗೆ ನಾನು ಹೇಳಿಕೊಡುವುದು ಹಾಸ್ಯಾಸ್ಪದ. ಮಣ್ಣು ಪರೀಕ್ಷೆ ಎಂದರೆ ರೈತ ಸಂಪರ್ಕ ಕೇಂದ್ರದಿಂದ ಬರುವ ಕಾರ್ಡು ಎಂದಷ್ಟೇ ತಿಳಿದಿದ್ದ ಮನೆಯಿಂದ ಹೋದವಳು, ಈಗ ಬೇರೆ ದೇಶದ ಹೊಲಕ್ಕೆ ಏನಾಗಿದೆ ಎಂದು ಅಲ್ಲಿಯವರಿಗೇ ಹೇಳಲು ಹೊರಟಿದ್ದೀಯೆ. ಸೊಸೈಟಿಯಲ್ಲಿ ಸಿಕ್ಕವರಿಗೆಲ್ಲ ಇದನ್ನು ಹೇಳಿದ್ದೇನೆ, ಕೆಲವರಿಗೆ ಎರಡು ಸಲ.

ಸೊಸೈಟಿ ಎಂದಾಗ ಯೂರಿಯಾ ನೆನಪಾಯಿತು. 1915ರ ಏಪ್ರಿಲ್ 22ರಂದು ಈಪರಿನಲ್ಲಿ 150 ಟನ್ನಿಗೂ ಹೆಚ್ಚು ಕ್ಲೋರಿನ್ ವಿಷಾನಿಲವನ್ನು ಗಾಳಿಗೆ ಬಿಡುವ ಕೆಲಸದ ಉಸ್ತುವಾರಿ ಜರ್ಮನಿಯ ರಸಾಯನ ವಿಜ್ಞಾನಿ ಫ್ರಿಟ್ಜ್ ಹೇಬರ್‌ನದು. ಕೆಲವೇ ದಿನಗಳಲ್ಲಿ ಅದೇ ರಣಭೂಮಿಗೆ ಬ್ರಿಟಿಷ್ ಭಾರತದ ಸೈನ್ಯದ ಲಾಹೋರ್ ಡಿವಿಜನ್ನಿನ ನಮ್ಮ ಸಿಪಾಯಿಗಳನ್ನೂ ಇಳಿಸಿದರು. ಗಾಳಿಯ ಸಾರಜನಕದಿಂದ ಅಮೋನಿಯಾ ಮಾಡುವ ದಾರಿ ಕಂಡುಹಿಡಿದವನೂ ಆ ಹೇಬರನೇ. ಯುದ್ಧದಲ್ಲಿ ಅದು ಜರ್ಮನಿಗೆ ಸಿಡಿಮದ್ದಾಯಿತು, ಇಂದು ನಮಗೆ ಗೊಬ್ಬರವಾಗಿದೆ. ನಿನ್ನ ಕಾಲೇಜಿನ ಫೀಸು ಕಟ್ಟಿದ್ದು ಆ ಗೊಬ್ಬರ ಉಂಡ ಭತ್ತವೇ. ಇದನ್ನು ತಿಳಿದ ಮೇಲೂ ಮೊನ್ನೆ ಮೂಟೆ ತಂದೆ. ತರದೆ ಏನು ಮಾಡಲಿ ಎಂದು ನನಗೂ ಗೊತ್ತಿಲ್ಲ.

ದೂರದ ಯುದ್ಧ ನಮಗೇನು ಎನ್ನುವವರು ಇಲ್ಲಿ ಬಹಳ. 1918ರಲ್ಲಿ ಸೈನಿಕರನ್ನು ಹೊತ್ತು ತಂದ ಹಡಗುಗಳೊಂದಿಗೆ ಬೊಂಬಾಯಿಗಿಳಿದ ಇನ್‌ಫ್ಲುಯೆಂಜಾ ಕೋಟಿಗೂ ಹೆಚ್ಚು ಭಾರತೀಯರನ್ನು ಕೊಂದಿತು. 1921ರ ಜನಗಣತಿಯಲ್ಲಿ ದೇಶದ ಜನಸಂಖ್ಯೆ 1911ರದಕ್ಕಿಂತ ಕಡಿಮೆ ಬಂತು. ಅದೇ 1918ರ ಸೆಪ್ಟೆಂಬರ್ 23ರಂದು ಜೋಧಪುರದವರೊಂದಿಗೆ ಸೇರಿ ಪ್ಯಾಲೆಸ್ಟೈನಿನ ಹೈಫಾ ಹಿಡಿದದ್ದು ನಮ್ಮ ಮೈಸೂರು ಲ್ಯಾನ್ಸರ್ಸ್ ಕುದುರೆ ದಳ, ಬೆಂಗಳೂರಿನ ಜೆ.ಸಿ. ನಗರದಲ್ಲಿ ಸ್ಮಾರಕ ಇರುವುದು ಅವರದ್ದೇ. ಹೀಗೆ ಗೆದ್ದ ಪ್ಯಾಲೆಸ್ಟೈನನ್ನು ಬ್ರಿಟಿಷರು ಮ್ಯಾಂಡೇಟ್ (ರಾಷ್ಟ್ರಸಂಘ ವಹಿಸಿಕೊಟ್ಟ ಆಡಳಿತ) ಹೆಸರಿನಲ್ಲಿ ಆಳಿದರು. ಅದಕ್ಕೂ ಮೊದಲು, 1917ರಲ್ಲೇ, ಯಹೂದ್ಯರಿಗೆ ಅಲ್ಲಿ ನೆಲೆ ಒದಗಿಸಲು ನೆರವಾಗುವುದಾಗಿ ಬ್ರಿಟನ್ನಿನ ವಿದೇಶಾಂಗ ಮಂತ್ರಿ ಬಾಲ್ಫರ್ ಮಾತು ಕೊಟ್ಟಾಗಿತ್ತು. ಗಾಜಾದ ಸುದ್ದಿ ಬಂದಾಗಲೆಲ್ಲ ನನಗೆ ನಮ್ಮ ಕುದುರೆ ಸವಾರರು ನೆನಪಾಗುತ್ತಾರೆ. ಯುದ್ಧ ಪರಿಹಾರಕ್ಕಾಗಿ ಮಾಡಿದ ಸಾಲದ ಕೊನೆಯ ಕಂತನ್ನು ಜರ್ಮನಿ ತೀರಿಸಿದ್ದು 2010ರಲ್ಲಿ. ಹಣದ ಲೆಕ್ಕವಾದರೂ ಚುಕ್ತಾ ಆಯಿತು.

ಪತ್ರ ಭಾಷಣವಾಗುತ್ತಿದೆ, ಬೇಸರಿಸಬೇಡ. ಹೋಗಬೇಡ ಎಂದು ಹೇಳುತ್ತಿಲ್ಲ. ಹೇಳಿದರೂ ನೀನು ಕೇಳುವವಳಲ್ಲ. ಆ ಹೊಲವನ್ನು ಮೊದಲೇ ಉಪಕರಣದಿಂದ ತಪಾಸಣೆ ಮಾಡಿಸಿದ್ದಾರೆಯೇ, ಎಷ್ಟು ಆಳದವರೆಗೆ ಎಂಬುದನ್ನು ವಿಶ್ವವಿದ್ಯಾಲಯದವರಿಂದ ಬರಹದಲ್ಲಿ ತೆಗೆದುಕೊಂಡು ನನಗೂ ಒಂದು ಪ್ರತಿ ಕಳುಹಿಸು. ಹೊಲಕ್ಕೆ ಇಳಿಯುವ ಮೊದಲು ಮೆಸೇಜ್ ಹಾಕು, ಹತ್ತಿದ ಮೇಲೂ ಹಾಕು. ಅಮ್ಮನಿಗೆ ಫೋಟೋ ತೋರಿಸಿಲ್ಲ. ಅವಳು ಕೇಳಿದರೆ ಆಲೂಗಡ್ಡೆ ಹೊಲ ಎಂದಷ್ಟೇ ಹೇಳು.

ನಿನ್ನ ಅಪ್ಪ