ಇರುವೆ ಚದುರಿದರೆ ಗೂಡು ಸತ್ತಂತಲ್ಲ

ಮಾನ್ಯ ಸಂಪಾದಕರೇ,

ಎಲ್ಲಿಂದಲೋ ಬಂದು ನೆಲೆಯೂರಿದ ಆಕ್ರಮಣಕಾರಿ ಇರುವೆಗಳಿಗೆ ಲವಂಗ, ಪುದೀನಾ ಅಥವಾ ಬೇವಿನ ಎಣ್ಣೆ ಸಿಂಪಡಿಸಿದರೆ ಸಾಕು ಎಂಬ ಸಲಹೆ ಆಗಾಗ ಕೇಳಿಬರುತ್ತದೆ. ಸಾಲು ಚದುರುವುದೇನೋ ನಿಜ. ಆದರೆ ಹೊರಗೆ ಕಾಣುವುದು ಮೇವು ತರುವ ಕೆಲಸಗಾರ ಇರುವೆಗಳು ಮಾತ್ರ. ಮೊಟ್ಟೆಯಿಡುವ ರಾಣಿ ಒಳಗೆ ಕ್ಷೇಮವಾಗಿರುತ್ತದೆ. ಅರ್ಜೆಂಟೀನಾ ಇರುವೆಯಂಥ ಜಾತಿಗಳಲ್ಲಿ ಒಂದು ಗೂಡಿಗೆ ಹಲವು ರಾಣಿಗಳು. ಕೆಣಕಿದರೆ ಅವು ಒಂದಿಷ್ಟು ಕೆಲಸಗಾರರೊಂದಿಗೆ ಹೊರಟು ಬೇರೆಡೆ ಗೂಡು ಹೂಡಬಹುದು.

ಸಸ್ಯಮೂಲದ ಔಷಧಿಗೆ ಸರಿಯಾದ ಜಾಗವೆಂದರೆ ಕುಟುಕಿದರೆ ಉರಿಯುವ ಬೆಂಕಿ ಇರುವೆಯ ಮಣ್ಣಿನ ಗುಡ್ಡೆ. ಕಿತ್ತಳೆ ಸಿಪ್ಪೆಯ ಎಣ್ಣೆಯಲ್ಲಿರುವ ಲಿಮೊನೀನ್ ಮೈಗೆ ತಾಗಿದ ಇರುವೆ ಸಾಯುತ್ತದೆ, ತಾಗದ್ದು ಬದುಕುತ್ತದೆ. ಆದ್ದರಿಂದ ಚಿಮುಕಿಸುವುದು ದಂಡ, ಗುಡ್ಡೆ ಆಳದವರೆಗೆ ನೆನೆಯಬೇಕು. ಇದಕ್ಕೆಂದೇ ತಯಾರಾದ ಔಷಧಿಯಾದರೆ ಲೇಬಲ್ಲಿನ ಪ್ರಮಾಣವೇ ಅಂತಿಮ. ಬರೀ ಕಿತ್ತಳೆ ಎಣ್ಣೆಯಾದರೆ ಲೀಟರ್ ನೀರಿಗೆ ಸುಮಾರು 10 ಮಿ.ಲೀ. ಎಣ್ಣೆ, ಜೊತೆಗೆ ಪಾತ್ರೆ ತೊಳೆಯುವ ದ್ರವ ಸೋಪು. ಸೋಪಿಲ್ಲದಿದ್ದರೆ ಎಣ್ಣೆ ಮೇಲೆ ತೇಲಿ, ಗೂಡಿಗೆ ಇಳಿಯುವುದು ಬರೀ ನೀರು. ಒಂದು ಗುಡ್ಡೆಗೆ 4ರಿಂದ 8 ಲೀಟರ್ ಬೇಕು. ತಂಪು ರಾತ್ರಿಯ ನಂತರ ಬೆಳಗಿನ ಬಿಸಿಲು ಗುಡ್ಡೆಗೆ ತಾಗುವ ಹೊತ್ತಿಗೆ ಮರಿಗಳು ಮೇಲ್ಪದರಕ್ಕೆ ಬಂದಿರುತ್ತವೆ, ಆಗಲೇ ಸುರಿಯಿರಿ. ಮೊದಲು ಕೋಲಿನಿಂದ ಕೆದಕಬೇಡಿ, ರಾಣಿ ಆಳಕ್ಕೆ ಇಳಿದುಬಿಡುತ್ತದೆ. ಗಿಡಗಳ ಎಲೆಗೆ ಬಿದ್ದರೆ ಸುಟ್ಟ ಕಲೆಯಾಗುತ್ತದೆ. ಬೆಕ್ಕುಗಳಿಗೆ ಈ ಎಣ್ಣೆ ವಿಷ.

ಸೇವಂತಿಗೆ ಜಾತಿಯ ಹೂವಿನಿಂದ ಬರುವ ಪೈರೆಥ್ರಿನ್ ಎಂಬ ಕೀಟನಾಶಕ ಇರುವೆಯನ್ನು ತಕ್ಷಣ ಉರುಳಿಸುತ್ತದೆ, ಆದರೆ ಬಿಸಿಲಿಗೆ ಬೇಗ ಶಕ್ತಿ ಕಳೆದುಕೊಳ್ಳುತ್ತದೆ. ಗಿಡದಿಂದ ಬಂದಿದೆಯೆಂದು ನಿರುಪದ್ರವಿ ಎನ್ನುವಂತಿಲ್ಲ: ಮೀನು, ಜೇನ್ನೊಣ ಎರಡಕ್ಕೂ ಅಪಾಯ. ಬೇವಿನಲ್ಲಿರುವ ಅಜಾಡಿರಕ್ಟಿನ್ ಎಂಬ ಅಂಶ ಎಳೆಯ ಹುಳುವಿನ ಬೆಳವಣಿಗೆ ಕೆಡಿಸುತ್ತದೆಯೇ ಹೊರತು ಬೆಳೆದ ಇರುವೆಯನ್ನು ಕೂಡಲೇ ಕೊಲ್ಲುವುದಿಲ್ಲ.

ಗುಡ್ಡೆ ಕಟ್ಟದೆ ಗೋಡೆಬಿರುಕು, ಕಲ್ಲಡಿ ಸೇರುವ ಅರ್ಜೆಂಟೀನಾ ಇರುವೆಗೆ ವಿಷ ಬೆರೆಸಿದ ಆಮಿಷವೇ ಸರಿ. ಶೇ 25ರ ಸಕ್ಕರೆ ನೀರಿನಲ್ಲಿ ಶೇ 0.5ರಿಂದ 1ರಷ್ಟು ಬೋರಿಕ್ ಆಮ್ಲ. ಇದು ಖನಿಜಮೂಲದ್ದು, ಸಸ್ಯದ್ದಲ್ಲ. ಹೆಚ್ಚು ಬೆರೆಸಿದರೆ ಇರುವೆ ಗೂಡು ಮುಟ್ಟುವ ಮೊದಲೇ ಸಾಯುತ್ತದೆ. ನಿಧಾನವಾಗಿ ಕೊಂದರಷ್ಟೇ ವಿಷ ಬಾಯಿಂದ ಬಾಯಿಗೆ ದಾಟಿ ರಾಣಿಗೆ ತಲುಪೀತು. ಮಕ್ಕಳು, ಸಾಕುಪ್ರಾಣಿಗಳ ಕೈಗೆಟುಕದ ಮುಚ್ಚಿದ ಡಬ್ಬಿಯಲ್ಲಿಡಿ. ಅದರ ಹತ್ತಿರ ಲವಂಗದೆಣ್ಣೆ ಸಿಂಪಡಿಸಿದರೆ ಇರುವೆ ಅತ್ತ ಸುಳಿಯುವುದೇ ಇಲ್ಲ. ಎರಡನ್ನೂ ಒಟ್ಟಿಗೆ ಮಾಡಿ 'ಆಮಿಷ ಕೆಲಸ ಮಾಡಲಿಲ್ಲ' ಎನ್ನುವವರೇ ಹೆಚ್ಚು.

ಔಷಧಿ ಸುರಿದ ಗುಡ್ಡೆಯನ್ನು ವಾರದ ನಂತರ ಅಂಚಿನಲ್ಲಿ ಕೆದಕಿ ನೋಡಿ. ಇರುವೆ ಉಕ್ಕಿ ಬಂದರೆ ಮತ್ತೆ ಸುರಿಯಬೇಕು. ಬಾರದಿದ್ದರೂ ಸುತ್ತ ಕೆಲವು ಮೀಟರ್‌ವರೆಗೆ ಹೊಸ ಮಣ್ಣು ಎದ್ದಿದೆಯೇ ಎಂದು ಹುಡುಕಿ.

– ಕೀಟ ನಿರ್ವಹಣೆಯಲ್ಲಿ ತೊಡಗಿರುವ ಓದುಗರು