ಟೆಕ್ಸಾಸಿಂದ ಅಣ್ಣಂಗೆ: ಕ್ಲಾಸ್‌ರೂಮಿನ ಗೋಡೆ ಮೇಲೆ ದೇವರು

ಅಕ್ಟೋಬರ್ 2025

ಅಣ್ಣ,

ಮೊನ್ನೆ ಫೋನಲ್ಲಿ ನೀನು ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡೋಕಾಗ್ಲಿಲ್ಲ, ಮಧ್ಯದಲ್ಲಿ ಅಮ್ಮ ಫೋನ್ ಇಸ್ಕೊಂಡ್ರು, ಆಮೇಲೆ ಮಾತು ಎಲ್ಲೆಲ್ಲೋ ಹೋಯ್ತು. "ನೋಟಿನ ಮೇಲೇ ದೇವರನ್ನ ನಂಬ್ತೀವಿ ಅಂತ ಅಚ್ಚು ಹಾಕ್ಕೊಂಡಿರೋ ದೇಶ ಅದು, ಸ್ಕೂಲ್ ಗೋಡೆಗೆ ನಾಕು ಒಳ್ಳೆ ಮಾತು ತಗುಲಿಸಿದ್ರೆ ನಿಂಗ್ಯಾಕೆ ಉರಿ" ಅಂದ್ಯಲ್ಲ, ಅದಕ್ಕೇ ಕೂತು ಬರೀತಿದೀನಿ. ಉದ್ದ ಆಗುತ್ತೆ, ಭಾನುವಾರ ಓದ್ಕೋ.

ನೋಟಿನ ವಿಷಯ ಮೊದಲು ಮುಗಿಸಿಬಿಡ್ತೀನಿ. ಆ ಸಾಲು ಶುರುವಿಂದ ಇದ್ದದ್ದೇನಲ್ಲ. ನಾಣ್ಯದ ಮೇಲೆ ಬಂದಿದ್ದು 1864ರಲ್ಲಿ, ಅಂತರ್ಯುದ್ಧ ನಡೀತಿದ್ದಾಗ. ನೋಟಿನ ಮೇಲೆ ಬಂದಿದ್ದು 1957ರಲ್ಲಿ. ಅದಕ್ಕೆ ಸ್ವಲ್ಪ ಮುಂಚೆ, 1954ರಲ್ಲಿ, ಬಾವುಟದ ಪ್ರತಿಜ್ಞೆಗೆ ದೇವರ ಹೆಸರು ಸೇರಿಸಿದ್ರು. ರಷ್ಯಾದವರು ನಾಸ್ತಿಕರು ನಾವು ಹಾಗಲ್ಲ ಅಂತ ತೋರಿಸ್ಕೊಳ್ಳೋ ಕಾಲ ಅದು. ಸಂವಿಧಾನದ ವಿಧಿಗಳಲ್ಲಿ ದೇವರ ಪ್ರಸ್ತಾಪವೇ ಇಲ್ಲ, 1791ರ ಮೊದಲನೇ ತಿದ್ದುಪಡೀಲಿ ಧರ್ಮದ ಬಗ್ಗೆ ಇರೋದು ಎರಡೇ ಮಾತು: ಸರ್ಕಾರ ಯಾವ ಧರ್ಮವನ್ನೂ ಸ್ಥಾಪನೆ ಮಾಡೋಹಾಗಿಲ್ಲ, ಯಾರ ಆಚರಣೆಗೂ ಅಡ್ಡ ಬರೋಹಾಗಿಲ್ಲ. ಜಗಳವೆಲ್ಲ ಈ ಎರಡು ಮಾತಿನ ಮಧ್ಯೆನೇ.

ಈಗ ಗೋಡೆ ವಿಷಯ. ಈ ವರ್ಷ ಟೆಕ್ಸಾಸಲ್ಲಿ ಎಸ್‌ಬಿ 10 ಅಂತ ಒಂದು ಕಾನೂನು ಬಂತು, ಸೆಪ್ಟೆಂಬರ್ 1ರಿಂದ ಜಾರಿ. ಸರ್ಕಾರಿ ಸ್ಕೂಲಿನ ಪ್ರತಿ ಕ್ಲಾಸ್‌ರೂಮಲ್ಲೂ ಬೈಬಲ್ಲಿನ ಹತ್ತು ಆಜ್ಞೆಗಳ ಪೋಸ್ಟರ್ ಇರಬೇಕು, ಕಡಿಮೆ ಅಂದ್ರೆ 16 ಇಂಚು ಅಗಲ 20 ಇಂಚು ಎತ್ತರ, ಕ್ಲಾಸಿನ ಯಾವ ಮೂಲೇಲಿ ಕೂತ್ರೂ ಓದೋಹಾಗಿರಬೇಕು. ಸ್ಕೂಲಿನವರು ದುಡ್ಡು ಕೊಟ್ಟು ತರಲೇಬೇಕು ಅಂತೇನಿಲ್ಲ, ಆದ್ರೆ ಯಾರಾದ್ರೂ ದಾನ ಕೊಟ್ರೆ ಬೇಡ ಅನ್ನೋಹಾಗಿಲ್ಲ, ಹಾಕಲೇಬೇಕು. ನಮ್ಮೋನ ಕ್ಲಾಸಲ್ಲೂ ಬಂದಿದೆ. ನೀನು ಅಂದ್ಕೊಂಡಹಾಗೆ ಅವನೇನೂ ಹೆದ್ರಿಲ್ಲ, ಧರ್ಮ ಬದಲಾಯಿಸ್ತಾನೆ ಅಂತ ನಂಗೂ ಭಯ ಇಲ್ಲ. ಮನೆಗೆ ಬಂದು "ಅಮ್ಮ ಅಡಲ್ಟರಿ ಅಂದ್ರೇನು" ಅಂತ ಕೇಳ್ದ, ವ್ಯಭಿಚಾರ ಮಾಡಬೇಡ ಅನ್ನೋದೂ ಆ ಹತ್ತರಲ್ಲೊಂದು. ಮೂರನೇ ಕ್ಲಾಸು! ದೊಡ್ಡೋರು ಮಾಡೋ ತಪ್ಪು ಅಂತ ಹೇಳಿ ಇವರು ನ್ಯೂಸ್ ಜೋರು ಮಾಡಿದ್ರು.

ಒಳ್ಳೆ ಮಾತು ಅಂದ್ಯಲ್ಲ, ಕೊಲ್ಲಬೇಡ ಕದಿಯಬೇಡ ಅನ್ನೋದೆಲ್ಲ ಒಳ್ಳೇದೇ, ಅದಕ್ಕೆ ಯಾರ ತಕರಾರೂ ಇಲ್ಲ. ಆದ್ರೆ ಪಟ್ಟಿ ಶುರುವಾಗೋದು ಅಲ್ಲಿಂದಲ್ಲ ಅಣ್ಣ. ನಾನೇ ನಿನ್ನ ದೇವರು, ನನ್ನ ಮುಂದೆ ನಿಂಗೆ ಬೇರೆ ದೇವರುಗಳು ಇರಕೂಡದು, ವಿಗ್ರಹ ಮಾಡ್ಕೋಬೇಡ, ಮೊದಲು ಬರೋದು ಇದು. ಚರ್ಚಲ್ಲಿ ಇದನ್ನ ಹೇಳಿದ್ರೆ ಅವರ ನಂಬಿಕೆ ಅವರಿಗೆ, ನಾನ್ಯಾರು ಕೇಳೋಕೆ. ಹೇಳ್ತಿರೋದು ಸರ್ಕಾರ, ಅದೂ ಹಾಜರಾತಿ ಕಡ್ಡಾಯ ಇರೋ ಜಾಗದಲ್ಲಿ. ಅದೇ ನನ್ನ ತಕರಾರು.

ಇದರಲ್ಲೊಂದು ತಮಾಷೆ ಇದೆ. ಈ ಹತ್ತು ಆಜ್ಞೆಗಳನ್ನ ಯಹೂದಿಗಳು ಎಣಿಸೋದು ಒಂಥರಾ, ಕ್ಯಾಥೊಲಿಕ್ಕರು ಒಂಥರಾ, ಹೆಚ್ಚಿನ ಪ್ರೊಟೆಸ್ಟೆಂಟರು ಇನ್ನೊಂಥರಾ. ಹಾಗಾಗಿ ಪೋಸ್ಟರಲ್ಲಿ ಯಾರ ಪಾಠ ಹಾಕಬೇಕು ಅಂತ ಆರಿಸಿದ್ದು ಯಾರು ಹೇಳು? ಶಾಸಕರು. ಅಂದ್ರೆ ಬೇರೆ ಧರ್ಮದವರನ್ನ ಬಿಡು, ಬೈಬಲ್ ಓದೋರೊಳಗೇ ಯಾರು ಸರಿ ಅಂತ ಸರ್ಕಾರ ತೀರ್ಪು ಕೊಟ್ಟಹಾಗಾಯ್ತು. ಇದು ಹೊಸ ಜಗಳವೂ ಅಲ್ಲ. 1844ರಲ್ಲಿ ಫಿಲಡೆಲ್ಫಿಯಾದಲ್ಲಿ ಸ್ಕೂಲಲ್ಲಿ ಯಾವ ಬೈಬಲ್ ಓದಿಸಬೇಕು ಅನ್ನೋ ವಿಷಯಕ್ಕೆ ಕ್ಯಾಥೊಲಿಕ್ ಮತ್ತು ಪ್ರೊಟೆಸ್ಟೆಂಟರ ಮಧ್ಯೆ ದಂಗೆಯೇ ಆಗಿ ಚರ್ಚುಗಳು ಸುಟ್ಟುಹೋದವು, ಜನ ಸತ್ರು. ಎರಡೂ ಕಡೆಯೋರು ಕ್ರಿಸ್ತನನ್ನ ನಂಬೋರೇ.

ಕೋರ್ಟು ಇದನ್ನ ಹಿಂದೇನೇ ನೋಡಿದೆ. ಕೆಂಟಕಿಯಲ್ಲಿ ಇಂಥದ್ದೇ ಕಾನೂನು ಇತ್ತು, 1980ರಲ್ಲಿ ಸುಪ್ರೀಂ ಕೋರ್ಟ್ ಅದನ್ನ ಹೊಡೆದುಹಾಕ್ತು. ಅದಕ್ಕೂ ಮುಂಚೆ 1962ರಲ್ಲಿ ನ್ಯೂಯಾರ್ಕಿನ ಕೇಸು. ಅಲ್ಲಿ ರಾಜ್ಯದ ಶಿಕ್ಷಣ ಮಂಡಳಿಯೋರು ಕೂತು ಯಾರಿಗೂ ನೋವಾಗದ ಹಾಗೆ ಒಂದು ಪ್ರಾರ್ಥನೆ ತಯಾರು ಮಾಡಿದ್ರು, ಇಂಗ್ಲಿಷಲ್ಲಿ ಬರೀ 22 ಪದ. ಕಮಿಟಿ ಬರೆದ ಪ್ರಾರ್ಥನೆ ಹೆಂಗಿರುತ್ತೆ ಯೋಚ್ನೆ ಮಾಡು, ಸರ್ಕಾರಿ ಸುತ್ತೋಲೆಗೆ ಕೈಮುಗಿದಹಾಗೆ. ಪ್ರಾರ್ಥನೆ ಬರೆಯೋದು ಸರ್ಕಾರದ ಕೆಲಸ ಅಲ್ಲ ಅಂತ ಆ ತೀರ್ಪು ಬರೆದ ಹ್ಯೂಗೋ ಬ್ಲ್ಯಾಕ್, ಚರ್ಚಿನ ಭಾನುವಾರದ ಶಾಲೇಲಿ ಪಾಠ ಹೇಳಿದ್ದ ಮನುಷ್ಯ.

ನೀನು ಕೊನೇಲಿ ಹೇಳಿದ್ದು ಮಾತ್ರ ನಿಜವಾಗ್ಲೂ ಯೋಚ್ನೆ ಮಾಡೋಂಥದ್ದು, "ಇಷ್ಟ ಇಲ್ದಿರೋ ಮಕ್ಕಳು ಸುಮ್ನಿರಲಿ, ಹೊರಗೆ ನಿಲ್ಲಲಿ, ಯಾರು ಬಲವಂತ ಮಾಡ್ತಾರೆ" ಅಂತ. ಇದಕ್ಕೆ ಉತ್ತರ 1963ರ ಪೆನ್ಸಿಲ್ವೇನಿಯಾ ಕೇಸಲ್ಲಿದೆ. ಅಲ್ಲಿ ದಿನಾ ಬೆಳಿಗ್ಗೆ ಬೈಬಲ್ಲಿನ ಹತ್ತು ವಾಕ್ಯ ಓದಬೇಕಿತ್ತು, ಬೇಡ ಅಂದೋರಿಗೆ ವಿನಾಯಿತಿನೂ ಇತ್ತು. ಆದ್ರೂ ಆ ಮಕ್ಕಳ ಅಪ್ಪ ವಿನಾಯಿತಿ ಕೇಳಲಿಲ್ಲ. ಯಾಕೆ ಅಂತ ಕೋರ್ಟಲ್ಲಿ ಹೇಳಿದ್ರು: ಮಕ್ಕಳನ್ನ ಎಲ್ಲರೂ ವಿಚಿತ್ರದೋರು ಅಂತಾರೆ, ಹೊರಗೆ ಕಾರಿಡಾರಲ್ಲಿ ನಿಲ್ಲಬೇಕಾಗುತ್ತೆ, ಅಲ್ಲಿ ನಿಲ್ಲಿಸೋದು ತಪ್ಪು ಮಾಡ್ದೋರನ್ನ, ಹಾಗಾಗಿ ಇವರೂ ಏನೋ ಮಾಡಿದಾರೆ ಅಂದ್ಕೊತಾರೆ. ನಮಗೆ ನಲವತ್ತಾದ ಮೇಲೂ ಮೀಟಿಂಗಲ್ಲಿ ಎಲ್ಲರೂ ಕೈ ಎತ್ತಿದ್ರೆ ಒಬ್ಬರೇ ಕೈ ಕೆಳಗಿಡೋಕೆ ಧೈರ್ಯ ಬರಲ್ಲ, ಎಂಟು ವರ್ಷದ ಮಗು ಏನು ಮಾಡುತ್ತೆ.

ಹಾಗಂತ ಸ್ಕೂಲಲ್ಲಿ ದೇವರ ಹೆಸರೇ ಎತ್ತಬಾರದು ಅಂತ ಯಾರೂ ಹೇಳಿಲ್ಲ, ವಾಟ್ಸಾಪಲ್ಲಿ ಬರೋದನ್ನ ನಂಬಬೇಡ. ಮಗು ಊಟಕ್ಕೆ ಮುಂಚೆ ತಾನಾಗೇ ಕೈಮುಗೀಬಹುದು. ಧರ್ಮಗಳ ಬಗ್ಗೆ ಪಾಠ ಮಾಡಬಹುದು, ಬೈಬಲ್ಲನ್ನ ಸಾಹಿತ್ಯ ಅಂತ ಓದಬಹುದು, 1963ರ ಅದೇ ತೀರ್ಪಲ್ಲಿ ಇದು ಇದೆ. ಈಗಿನ ಸುಪ್ರೀಂ ಕೋರ್ಟ್ ಇನ್ನೂ ಸಡಿಲ. 2022ರಲ್ಲಿ ಒಬ್ಬ ಫುಟ್‌ಬಾಲ್ ಕೋಚ್ ಆಟ ಮುಗಿದಮೇಲೆ ಮೈದಾನದ ಮಧ್ಯೆ ಮಂಡಿಯೂರಿ ಪ್ರಾರ್ಥನೆ ಮಾಡೋದು ಅವರ ಹಕ್ಕು ಅಂತ 6-3ರಲ್ಲಿ ತೀರ್ಪು ಬಂತು. ಅರ್ಧ ನಂಗೆ ಒಪ್ಪಿಗೆ, ಒಬ್ಬ ಮನುಷ್ಯನ ಭಕ್ತಿಗೆ ಕೆಲಸ ಹೋಗಬಾರದು. ಆದ್ರೆ ಯಾವ ಹುಡುಗನ್ನ ಆಡಿಸಬೇಕು ಅಂತ ತೀರ್ಮಾನ ಮಾಡೋರೂ ಅದೇ ಕೋಚ್ ಅಲ್ವಾ.

ನಮ್ಮ ಪೋಸ್ಟರ್ ಕಾನೂನಿನ ಮೇಲೂ ಕೇಸಿದೆ. ಕೇಸು ಹಾಕಿರೋ ಕುಟುಂಬಗಳಲ್ಲಿ ಯಹೂದಿಗಳಿದಾರೆ, ಹಿಂದೂಗಳಿದಾರೆ, ಕ್ರಿಶ್ಚಿಯನ್ನರೂ ಇದಾರೆ. ಆಗಸ್ಟಲ್ಲಿ ಒಬ್ಬ ಜಡ್ಜ್ ಕೆಲವು ಸ್ಕೂಲ್ ಡಿಸ್ಟ್ರಿಕ್ಟುಗಳಿಗೆ, ಅಂದ್ರೆ ಒಂದೊಂದು ಬೋರ್ಡಿನ ಕೆಳಗಿರೋ ಸ್ಕೂಲುಗಳ ಗುಂಪಿಗೆ, ತಡೆ ಕೊಟ್ರು, ನಮ್ಮದು ಅದರಲ್ಲಿಲ್ಲ. ಇದರ ಜೊತೆಗೆ ಎಸ್‌ಬಿ 11 ಅಂತ ಇನ್ನೊಂದಿದೆ. ಸ್ಕೂಲಲ್ಲಿ ಪ್ರಾರ್ಥನೆಗೆ, ಧರ್ಮಗ್ರಂಥ ಓದೋಕೆ ದಿನಾ ಒಂದು ಸಮಯ ಇಡಬೇಕಾ ಬೇಡ್ವಾ ಅಂತ ಪ್ರತಿ ಸ್ಕೂಲ್ ಬೋರ್ಡೂ ಮಾರ್ಚ್ 1ರೊಳಗೆ ಓಟು ಹಾಕಬೇಕು. ಅಪ್ಪ ಅಮ್ಮ ಸಹಿ ಹಾಕಿದ ಮಕ್ಕಳು ಮಾತ್ರ ಹೋಗೋದು, ಉಳಿದೋರ ಕಿವಿಗೆ ಬೀಳಬಾರದು.

ಇದಕ್ಕೇ ಬೋರ್ಡ್ ಮೀಟಿಂಗಿಗೆ ಹೋಗಿದ್ದೆ. ಒಬ್ಬ ಅಜ್ಜ, ಬ್ಯಾಪ್ಟಿಸ್ಟ್ ಅನ್ನೋ ಪ್ರೊಟೆಸ್ಟೆಂಟ್ ಪಂಗಡದ ಪಾದ್ರಿ, ಖಂಡಿತ ಪರವಾಗಿ ಮಾತಾಡ್ತಾರೆ ಅಂದ್ಕೊಂಡೆ, ಎದ್ದು ನಿಂತು "ನನ್ನ ಚರ್ಚಿನ ಕೆಲಸನ ನಿಮ್ಮ ಕೈಗೆ ಕೊಡೋಕೆ ನಂಗಿಷ್ಟ ಇಲ್ಲ" ಅಂದ್ರು. ಆಮೇಲೆ ಮನೆಗೆ ಬಂದು ಓದಿದ್ಮೇಲೆ ಗೊತ್ತಾಯ್ತು, ಬ್ಯಾಪ್ಟಿಸ್ಟರಿಗೆ ಇದು ಹಳೇ ಅಭ್ಯಾಸ. ಸರ್ಕಾರಕ್ಕೂ ಧರ್ಮಕ್ಕೂ ಮಧ್ಯೆ ಗೋಡೆ ಇದೆ ಅಂತ ಆಗಿನ ಅಧ್ಯಕ್ಷ ಜೆಫರ್ಸನ್ 1802ರಲ್ಲಿ ಕಾಗದ ಬರೆದದ್ದು ಕನೆಕ್ಟಿಕಟ್ ರಾಜ್ಯದ ಡ್ಯಾನ್‌ಬರಿಯ ಬ್ಯಾಪ್ಟಿಸ್ಟರಿಗೇ, ಅಲ್ಲಿ ಅವರು ಆಗ ಅಲ್ಪಸಂಖ್ಯಾತರು. ಪರವಾಗಿ ಮಾತಾಡ್ದೋರಲ್ಲೂ ಕೆಟ್ಟೋರು ಯಾರೂ ಇರ್ಲಿಲ್ಲ. ಮಕ್ಕಳು ದಾರಿ ತಪ್ತಿದಾರೆ ಅನ್ನೋ ಸಂಕಟ ಅವರದ್ದು, ನಮ್ಮನೇಲೂ ಇರೋದೇ.

ಗೋಡೆ ಮೇಲೆ ಗೀತೆಯ ಶ್ಲೋಕ ಇದ್ದಿದ್ರೆ ಹಿಂಗೇ ಬರೀತಿದ್ಯಾ ಅಂತ ನೀನು ಕೇಳೇ ಕೇಳ್ತೀಯ. ಬರೀತಿದ್ದೆ. 2007ರಲ್ಲಿ ಅಮೆರಿಕದ ಸೆನೆಟ್ಟಲ್ಲಿ ರಾಜನ್ ಜೆಡ್ ಅನ್ನೋರು ಹಿಂದೂ ಪ್ರಾರ್ಥನೆ ಮಾಡೋವಾಗ ಗ್ಯಾಲರಿಯಿಂದ ಮೂರು ಜನ ಕೂಗಾಡಿ ಅಡ್ಡಿ ಮಾಡಿದ್ರು, ಅವರನ್ನ ಎಳ್ಕೊಂಡು ಹೋದ್ರು. ನಮ್ಮೋರೆಲ್ಲ ಆಗ ಸಿಟ್ಟಾಗಿದ್ರು, ಸರಿಯಾಗೇ ಸಿಟ್ಟಾಗಿದ್ರು. ಆದ್ರೆ ಸರ್ಕಾರಿ ಕಟ್ಟಡದೊಳಗೆ ದೇವರಿಗೆ ಸರದಿ ಇಟ್ರೆ ಇವತ್ತು ಯಾರ ಸರದಿ ಅನ್ನೋ ಲೆಕ್ಕ ಬಂದೇ ಬರುತ್ತೆ, ಆ ಲೆಕ್ಕದಲ್ಲಿ ಇಲ್ಲಿ ನಾವು ಕೊನೇಲಿ, ಅಲ್ಲಿ ಇನ್ಯಾರೋ ಕೊನೇಲಿ.

ಇದು ಅಮೆರಿಕದೋರ ಕಥೆ ನಮಗಲ್ಲ ಅನ್ಬೇಡ. ಪೂರ್ತಿ ಸರ್ಕಾರಿ ದುಡ್ಡಲ್ಲಿ ನಡೆಯೋ ಶಾಲೇಲಿ ಧಾರ್ಮಿಕ ಬೋಧನೆ ಇರಕೂಡದು ಅಂತ ನಮ್ಮ ಸಂವಿಧಾನದ 28ನೇ ವಿಧಿ ನೇರವಾಗಿ ಹೇಳುತ್ತೆ, ಇಲ್ಲಿನ ಸಂವಿಧಾನದಲ್ಲಿ ಅಷ್ಟು ಬಿಡಿಸಿ ಬರೆದಿಲ್ಲ. 1986ರಲ್ಲಿ ಕೇರಳದ ಮೂರು ಮಕ್ಕಳ ಕೇಸು ಓದು, ಬಿಜೋ ಇಮ್ಯಾನ್ಯುಯಲ್ ಅಂತ. ಯೆಹೋವನ ಸಾಕ್ಷಿಗಳು ಅನ್ನೋ ಕ್ರೈಸ್ತ ಪಂಥದ ಮಕ್ಕಳು, ರಾಷ್ಟ್ರಗೀತೆಗೆ ಮರ್ಯಾದೆಯಿಂದ ಎದ್ದು ನಿಲ್ತಿದ್ರು, ಹಾಡ್ತಿರ್ಲಿಲ್ಲ, ಅದಕ್ಕೇ ಸ್ಕೂಲಿಂದ ತೆಗೆದುಹಾಕಿದ್ರು. ವಾಪಸ್ ಸೇರಿಸ್ಕೊಳ್ಳಿ ಅಂತ ನಮ್ಮ ಸುಪ್ರೀಂ ಕೋರ್ಟ್ ಹೇಳ್ತು, ಹೇಳೋವಾಗ ನೆನೆಸ್ಕೊಂಡಿದ್ದು 1943ರ ಅಮೆರಿಕದ ತೀರ್ಪನ್ನ, ಬಾವುಟಕ್ಕೆ ಸೆಲ್ಯೂಟ್ ಹೊಡೀರಿ ಅಂತ ಮಕ್ಕಳನ್ನ ಬಲವಂತ ಮಾಡೋಹಾಗಿಲ್ಲ ಅಂದ ಕೇಸು. ಅಲ್ಲೂ ಅದೇ ಪಂಥದ ಮಕ್ಕಳು, ಅದೂ ಮಹಾಯುದ್ಧದ ಮಧ್ಯೆ.

ಬೋರ್ಡಿನ ಓಟು ಯಾವಾಗ ಅಂತ ಇನ್ನೂ ತಿಳಿಸಿಲ್ಲ. ಫಾರ್ಮ್ ಬಂದ್ರೆ ನಾವು ಸಹಿ ಹಾಕಲ್ಲ, ಇವರೂ ಒಪ್ಪಿದಾರೆ. ನೀನು 28ನೇ ವಿಧಿ ಬಗ್ಗೆ ಏನಂತೀಯ ಬರೀ, ಫೋನಲ್ಲಿ ಬೇಡ, ಫೋನಲ್ಲಿ ನೀನು ಬರೀ ನಗ್ತೀಯ. ಅಮ್ಮಂಗೆ ಮಂಡಿನೋವಿನ ಮಾತ್ರೆ ಬಿಡಬೇಡಿ ಅಂತ ಹೇಳು, ಅತ್ತಿಗೆಗೂ ಮಕ್ಕಳಿಗೂ ನೆನೆಸ್ಕೊಂಡೆ ಅಂತ ಹೇಳು.

ನಿನ್ನ ತಂಗಿ