ನನ್ನ ಹೆಸರಿದ್ದ ಡಬ್ಬಿ

ದೋಸ್ತ,

ನಿಮ್ಮ ಕಾರವಾರದಾಗ ಮಳಿ ಹಿಡದದ ಅಂತ ಕೇಳಿದೆ. ಇಲ್ಲಿ ವಿಜಯಪುರದಾಗ ಮ್ವಾಡ ಬರ್ತಾವ, ಗೋಳಗುಮ್ಮಟದ ಮ್ಯಾಲ ಒಂದೀಟು ನಿಂತಂಗ ಮಾಡಿ ಮುಂದ ಹೋಗ್ತಾವ.

ಫೋನ್ ಮಾಡಿದಾಗೊಮ್ಮೆ ನೀ ಮೊದಲ ಕೇಳೂದು "ನಿನ್ನ ಸಮುದ್ರ ಹ್ಯಾಂಗದಲೇ?" ಅಂತ. ಸಮುದ್ರ ಅಂದ್ರ ನಮ್ಮ ಮನ್ಯಾಗಿನ ಉಪ್ಪುನೀರಿನ ಮೀನಿನ ಟ್ಯಾಂಕ್. ನನ್ನ ಆರೋಗ್ಯ ಆಮ್ಯಾಲೆ. ಹೋದ ಮೂರು ಸಲ "ಛಲೋ ಅದ" ಅಂದು ಮಾತು ಬ್ಯಾರೆ ಕಡೆ ತಿರುವಿದೆ. ನಿನಗ ತಿಳದಿರಬೇಕು, ನೀ ಬಿಡಸಿ ಕೇಳಲಿಲ್ಲ. ಅದಕ್ಕ ಈ ಪತ್ರ. ಎಲ್ಲಾರಿಗೂ ಕಾಣೂಹಂಗ ಹಾಕ್ಲಾಕತ್ತೀನಿ, ಯಾಕಂದ್ರ ಟ್ಯಾಂಕಿನ ಫೋಟೋ ಹಾಕಿದಾಗೆಲ್ಲ ಇಲ್ಲಿ ಭಾಳ ಮಂದಿ "ಹವಳ ಯಾವಾಗ ಇಡ್ತೀರಿ ಸರ್?" ಅಂತ ಕೇಳ್ಯಾರ. ಅವ್ರಿಗೂ ಒಂದು ಉತ್ತರ ಬಾಕಿ ಅದ. ಮುರ್ಡೇಶ್ವರದ ಲಾಡ್ಜಿನ ಬಕೆಟ್ ವಿಷಯ ಇಲ್ಲಿ ಬರಿಯಂಗಿಲ್ಲ, ಹೆದರಬ್ಯಾಡ.

ನೀ ಬಂದು ನೋಡಿ ಎರಡು ವರ್ಷಾತು. ಟ್ಯಾಂಕ್ ಈಗೂ ಅದ ನಾಕ ಫೂಟಿಂದು, 300 ಲೀಟರ್ ನೀರು. ನಮ್ಮ ಬೋರಿನ ನೀರು ಹಚ್ಚಿದ್ರ ಒಂದ ವಾರದಾಗ ಎಲ್ಲಾ ಮುಗೀತದ, ಅಷ್ಟು ಗಡಸು. ಅದಕ್ಕ ಆರ್‌ಓ ನೀರು ಹಿಡದು, ಲೀಟರಿಗೆ 35 ಗ್ರಾಂ ಲೆಕ್ಕದಾಗ ಸಮುದ್ರದ ಉಪ್ಪು ಕಲಸ್ತೀನಿ. ಒಂದು ಕೊಡ ಛಲೋ ನೀರು ಬರಬೇಕಂದ್ರ ಆರ್‌ಓದಿಂದ ಮೂರು ಕೊಡ ಹೊರಗ ಹೋಗ್ತದ. ಈ ಊರಾಗ ನೀರು ಚೆಲ್ಲೂದಂದ್ರ ಅವ್ವಗ ಹೊಟ್ಟಿ ಉರೀತದ. ಟ್ಯಾಂಕರಿಗೆ ಕೊಡ ಹಿಡಕೊಂಡು ಪಾಳಿ ನಿಂತಾಕಿ ಅಕಿ. ಈಗ ಆ ನೀರೆಲ್ಲ ಭಾಂಡೆ ತಿಕ್ಕಲಿಕ್ಕೆ, ಅಂಗಳ ತೊಳೀಲಿಕ್ಕೆ ಹೋಗ್ತದ. ಒಂದು ತಂಬಿಗಿ ಸುದ್ದಾ ಗಟಾರಕ್ಕ ಬಿಡಂಗಿಲ್ಲ ಅಕಿ.

ಬ್ಯಾಸಿಗ್ಯಾಗ ನನ್ನ ಜೀವ ಕೈಯಾಗ ಇರ್ತದ. ಹೊರಗ 41 ಡಿಗ್ರಿ, ಟ್ಯಾಂಕಿನಾಗ 26 ಇರಬೇಕು. ಆದ್ರ ಒಂದು ಉಪಕಾರ ನಮ್ಮ ಊರಿನ ಹವಾದ್ದು. ಇದು ಒಣಾ ಹವಾ. ನೀರಿನ ಮ್ಯಾಲ ಎರಡು ಸಣ್ಣ ಫ್ಯಾನ್ ಇಟ್ರ ಸಾಕು, ನೀರು ಆರಿ ಆರಿ ತಣ್ಣಗಾಗ್ತದ. ಮಣ್ಣಿನ ಹರವ್ಯಾಗ ನೀರು ತಣ್ಣಗ ಇರೂದು ಇದರಿಂದನ. ನಿಮ್ಮ ಕಾರವಾರದ ಜಿಬಿಜಿಬಿ ಹವಾದಾಗ ಈ ಆಟ ನಡಿಯಂಗಿಲ್ಲ. ಮೇ ತಿಂಗಳಾಗ ದಿನಕ್ಕ ಏಳೆಂಟು ಲೀಟರ್ ಹಾರಿ ಹೋಗ್ತದ. ಹಾರೂದು ಬರೇ ನೀರು, ಉಪ್ಪು ಅಲ್ಲೇ ಉಳೀತದ. ಅದಕ್ಕ ಮ್ಯಾಲ ಹಾಕೂದು ಸಿಹಿನೀರ. ಸುರುವಿಗೆ ನಾ ತಿಳೀದ ಉಪ್ಪುನೀರ ತುಂಬಿಸಿ ಮೊದಲನೇ ಸೀಗಡಿ ಕಳಕೊಂಡೆ, ನೆನಪದ ಅಲ್ಲ?

ಒಳಗ ಇರೂದು ಇಷ್ಟ: ಹ್ಯಾಚರಿಯಾಗ ಹುಟ್ಟಿದ ಎರಡು ಕ್ಲೌನ್ ಮೀನು, ಒಂದು ಸೀಗಡಿ, ನಾಕಾರು ಶಂಖದ ಹುಳ. ಕಲ್ಲು ಸಮುದ್ರದ್ದಲ್ಲ, ಮಣ್ಣು ಸುಟ್ಟು ಮಾಡಿದ್ದು. ಶಂಖದ ಚಿಪ್ಪಿಗೆ ಹತ್ತಿ ಬಂದ ಗುಲಾಬಿ ಪಾಚಿ ಈಗ ಆ ಕಲ್ಲಿನ ಮ್ಯಾಲೆಲ್ಲ ಹಬ್ಬೇದ. ನೋಡಿದ್ರ ಕಣ್ಣು ತಂಪಾಗ್ತಾವ. ಆದ್ರ ಹವಳ ಇಲ್ಲ. ಮುರ್ಡೇಶ್ವರದ ಹತ್ರದ ನೇತ್ರಾಣಿ ದ್ವೀಪದಾಗ ನೀರಿಗೆ ಇಳದು ಮ್ಯಾಲ ಬಂದ ಮ್ಯಾಲ ನಾ ದೋಣ್ಯಾಗ ಅರ್ಧಾ ತಾಸು ಮಾತಾಡಲಿಲ್ಲ ಅಂತ ನೀ ಎಲ್ಲಾರಿಗೂ ಹೇಳ್ತಿ. ಏನು ಮಾತಾಡ್ಲಿ? ಕಲ್ಲು ಅಂತ ತಿಳಕೊಂಡು ಕೈ ಚಾಚಿದ್ದೆ, ಅದು ಜೀವಂತ ಹವಳ, ಬಾಯಿ ಮುಚ್ಚಿಕೊಂಡಿತು. ಆವತ್ತಿಂದ ಮನಸ್ಸಿನಾಗ ಅದ ಒಂದು ಕುಂತಿತ್ತು.

ಕಾಯ್ದೆ ನನಗ ಗೊತ್ತಿಲ್ಲ ಅಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೊಳಗ 2001ರಾಗ ಗಟ್ಟಿ ಹವಳ, ಅಂದ್ರ ಕಲ್ಲಿನಂಥಾ ಎಲುಬು ಕಟ್ಟೂವು, ಎಲ್ಲಾ ಸೇರಿದವು, ಅವುಗಳ ಸಂಗಾಟ ಸಮುದ್ರಕುದುರಿನೂ. ಮೊದಲನೇ ಅನುಸೂಚಿ ಅದು, ಹುಲಿ ಇರೋ ಪಟ್ಟಿ. ಮೂರರಿಂದ ಏಳು ವರ್ಷ ಜೇಲು. ಸತ್ತ ತುಂಡು ಶೋಕೇಸಿನಾಗ ಇಟ್ರೂ ತಪ್ಪ. ಹೊರದೇಶದ ಜೀವ ತರಸಬೇಕಂದ್ರ, ಅದು ಸೈಟಿಸ್ (ಅಳಿವಿನ ಅಂಚಿನ ಜೀವಿಗಳ ವ್ಯಾಪಾರದ ಮ್ಯಾಲ ದೇಶ ದೇಶದ ನಡುವಿನ ಒಪ್ಪಂದ) ಪಟ್ಟ್ಯಾಗ ಇದ್ರ, ಅಲ್ಲಿಯ ಸರಕಾರದ ಪರವಾನಿಗಿ ಬೇಕು, ನಮ್ಮ ಆಮದು ಲೈಸನ್ಸ್ ಬೇಕು, ಇಳದಲ್ಲಿ ಕ್ವಾರಂಟೈನ್ ಆಗಬೇಕು. ಮನ್ಯಾಗ ಇಟಗೊಂಡ ಮ್ಯಾಲ ಕೇಂದ್ರ ಸರಕಾರದ ಪರಿವೇಶ ಪೋರ್ಟಲ್‌ದಾಗ ನೋಂದಣಿನೂ ಮಾಡಸಬೇಕು, 2024ರ ಫೆಬ್ರವರಿಯಾಗ ಬಂದ ನಿಯಮ ಅದು.

ಇದರ ಮ್ಯಾಲ ನಾ ಸಿಟ್ಟಾಗಿದ್ದೆ, ನೀನೂ ಕೇಳಿದಿ. ಟ್ಯಾಂಕಿನಾಗ ಮುರದು ಟ್ಯಾಂಕಿನಾಗ ಬೆಳಿಸಿದ ತುಂಡು ಯಾಕ ಬ್ಯಾಡ ಅಂತ ನಿನ್ನ ಸಂಗಾಟ ರಾತ್ರಿ ಒಂದರ ತನಕ ವಾದ ಮಾಡೀನಿ. ಈಗ ಆ ವಾದ ನನ್ನ ಬಾಯಾಗ ಬರಂಗಿಲ್ಲ. ಬೆಳಿಸಿದ್ದು ಯಾವುದು, ಸಮುದ್ರದಾಗ ಒಡದು ತಂದದ್ದು ಯಾವುದು ಅಂತ ನೋಡಿ ಹೇಳೂ ಕಣ್ಣು ನನಗಿಲ್ಲ, ತಪಾಸಣಿ ಮಾಡಾಂವಗೂ ಇರಂಗಿಲ್ಲ. ತಮಿಳುನಾಡಿನ ಕಡೆ ಮನ್ನಾರ ಖಾರಿಯಾಗ 21 ದ್ವೀಪ ಇದ್ದವು. ಸುಣ್ಣಕ್ಕಂತ ಹವಳ ಅಗದು ಅಗದು ಎರಡು ದ್ವೀಪ ನೀರಾಗ ಮುಳುಗಿ ಹೋದವು. ಅಗದಾವ್ರು ಎಲ್ಲಾರೂ "ನಂದು ಒಂದು ಬುಟ್ಟಿ" ಅಂತ ಅಂದಿರಬೇಕು.

ಈಗ ಹೇಳಬೇಕಾದ್ದು ಹೇಳ್ತೀನಿ.

ಏಪ್ರಿಲ್ ಕಡೀಕ ಒಬ್ಬಾಂವ ಫೋಟೋ ಕಳಿಸಿದ. ಬ್ರೇನ್ ಕೋರಲ್, ಅಂದ್ರ ಮಿದುಳಿನಂಥಾ ಗಟ್ಟಿ ಹವಳ, ಮುಷ್ಟಿಯಷ್ಟು, ಹಸರ ಬಣ್ಣ, ಸುಳಿ ಸುಳಿ. "ಕಾಗದ ಪತ್ರ ಎಲ್ಲಾ ಅದ ಸರ್" ಅಂದ. ನಾ ಕಾಗದ ಕಳಸು ಅನ್ನಲಿಲ್ಲ. ರೇಟ್ ಎಷ್ಟು ಅಂದೆ. ಅಂವ ಮತ್ತ ಒಂದು ಮಾತು ಹೇಳಿದ: 2024ರಾಗ ಲಕ್ಷದ್ವೀಪದಾಗ ಬಿಸಿಗೆ ಹವಳ ಬೆಳ್ಳಗಾದವು, ಅಲ್ಲಿ ಸಾಯೂದಕ್ಕಿಂತ ನಿಮ್ಮಂತಾವ್ರ ಮನ್ಯಾಗ ಬದುಕ್ಲಿ ಅಂತ. ಲಕ್ಷದ್ವೀಪದ ಸುದ್ದಿ ಖರೇನ. ಹವಳದ ಮೈಯಾಗ ಸಣ್ಣ ಪಾಚಿ ಇರ್ತದ, ಬಿಸಲಾಗ ಅದು ಅಡಿಗಿ ಮಾಡ್ತದ, ಹವಳ ಉಣ್ತದ. ನೀರು ಒಂದೆರಡು ಡಿಗ್ರಿ ಏರಿ ವಾರಗಟ್ಟಲೆ ಹಂಗ ನಿಂತ್ರ ಆ ಪಾಚಿ ಹೊರಗ ಬೀಳ್ತದ. ಬಣ್ಣಾನೂ ಹೋತು, ಊಟಾನೂ ಹೋತು. ಇದೆಲ್ಲ ಗೊತ್ತಿದ್ದಾಂವ ನಾ. ಆ ಮಾತು ನನಗ ಹಿಡಿಸಿತು ದೋಸ್ತ, ಅದ ಈಗ ಚುಚ್ಚಲಾಕತ್ತದ. ಆಸಿಗೆ ಒಂದು ಛಲೋ ಅಂಗಿ ಬೇಕಾಗಿತ್ತು, ಅಂವ ಹೊಲದು ಕೊಟ್ಟ, ನಾ ಹಾಕ್ಕೊಂಡೆ. ನಾಕೂವರಿ ಸಾವಿರ ಮುಂಗಡ ಹಾಕಿದೆ.

ಆಮ್ಯಾಲೆ ಹದಿನೈದು ದಿನ ಮನ್ಯಾಗ ಬಸರಿ ಬಯಕಿ ನಡದಂಗ ನಡೀತು. ಹವಳಕ್ಕ ಎಲುಬು ಕಟ್ಟಲಿಕ್ಕೆ ಕ್ಯಾಲ್ಸಿಯಂ ಬೇಕು. ಅದಕ್ಕ ರಾತ್ರಿ ಸುಣ್ಣದ ತಿಳಿನೀರು ಹನಿ ಹನಿ ಬಿಡ್ತಿದ್ದೆ, ಒಮ್ಮೆಲೇ ಸುರಿದ್ರ ಕ್ಷಾರ ಏರಿ ಮೀನು ಸಾಯ್ತಾವ. ಎಲಿ ಅಡಿಕಿಗೆ ಹಚ್ಚತಾರಲ್ಲ, ಮೂಲದಾಗ ಅದ ಸುಣ್ಣ. ಅವ್ವ ನೋಡಿ, "ನಿಮ್ಮಜ್ಜಿ ಇದ್ದಿದ್ರ ಎಲಿನೂ ಹಾಕ್ತಿದ್ಳು ನೋಡು" ಅಂದ್ಲು. ಕ್ಯಾಲ್ಸಿಯಂ ಲೀಟರಿಗೆ 420 ಮಿಲಿಗ್ರಾಂಗೆ ಬಂತು. ಜಾಗಾ ಆರಿಸಿದೆ. ಮಗಳು ಹೆಸರೂ ಇಟ್ಳು. ಆ ಹೆಸರು ನಾ ಇಲ್ಲಿ ಬರಿಯಂಗಿಲ್ಲ.

ಮೇ ತಿಂಗಳ ಒಂದು ಶುಕ್ರವಾರ, ಮುಂಜಾನೆ ಆರಕ್ಕ, ಪಾರ್ಸಲ್ ಆಫೀಸು. ಥರ್ಮಾಕೋಲ್ ಡಬ್ಬಿ, ಮ್ಯಾಲ ಕಂದು ಟೇಪು, ಚೀಟಿಯಾಗ "ಅಲಂಕಾರದ ಗಿಡ" ಅಂತ ಬರದಿತ್ತು. ಕೆಳಗ ನನ್ನ ಹೆಸರು. ಆ ಗಿಡ ಅನ್ನೂ ಶಬ್ದ ನೋಡಿ ಕಾಲು ನಿಂತವು. ಅಲ್ಲಿಂದನ ಫೋನ್ ಹಚ್ಚಿದೆ. ಕಾಗದ ಎಲ್ಲಿ ಅಂದೆ. "ಆಮ್ಯಾಲೆ ಕಳಸ್ತೀನಿ" ಅಂದ. ಇಲ್ಲ, ಈಗ ಫೋಟೋ ಹಾಕು ಅಂದೆ. ಅಂವ ನಕ್ಕ. "ಸರ್, ಇದು ನಮ್ಮ ಸಮುದ್ರದ್ದ ಮಾಲು, ಇದಕ್ಕೆಲ್ಲಿ ಕಾಗದ?" ಅಂದ.

ಫೋನ್ ಇಟ್ಟೆ. ಕೌಂಟರಿನ ಹುಡುಗ ರಸೀದಿ ಮುಂದ ಸರಿಸಿ "ಸಹಿ ಮಾಡ್ರಿ" ಅಂದ. ನಾ ಅಂದೆ, "ಇದು ನಂದಲ್ಲ." ಅಂವ ಚೀಟಿ ನೋಡಿ "ನಿಮ್ಮ ಹೆಸರ ಅಲ್ರೀ?" ಅಂದ. "ಬ್ಯಾರೆ ಯಾರೋ ಇರಬೇಕು" ಅಂತ ಹೇಳಿ ಗಾಡಿ ಚಾಲೂ ಮಾಡಿದೆ.

ಅಷ್ಟೊತ್ತಿಗೆ ನನಗ ಅನಿಸಿದ್ದು, ನಾ ಉಳಕೊಂಡೆ ಅಂತ. ಮನಿಗೆ ಬಂದು ಚಹಾ ಕುಡದೆ. ಒಂಬತ್ತಕ್ಕ ಬಿಸಲು ಏರಿತು. ಆಗ ತಲ್ಯಾಗ ಲೆಕ್ಕ ಸುರು ಆತು. ಚೀಲದಾಗ ಎಷ್ಟು ನೀರು ಇರಬಹುದು, ಎಷ್ಟು ಆಕ್ಸಿಜನ್ ತುಂಬಿರಬಹುದು, ರಾತ್ರಿ ಎಷ್ಟಕ್ಕ ಕಟ್ಟಿದ್ದು, ಇನ್ನ ಎಷ್ಟು ತಾಸು. ಅಂತಾ ಹವಳ ವರ್ಷಕ್ಕ ಅರ್ಧಾ ಸೆಂಟಿಮೀಟರೋ ಒಂದೋ ಬೆಳೀತದ. ಮುಷ್ಟಿಯಷ್ಟು ಅಂದ್ರ ನನ್ನ ಮಗಳ ವಾರಿಗೀದು. ನಾ ರೇಟ್ ಕೇಳಿದ್ದಕ್ಕ ಅದನ್ನ ಒಡದು ತಂದಿದ್ರು. ನಾ ನಂದಲ್ಲ ಅಂದಿದ್ದಕ್ಕ ಅದು ಅಲ್ಲಿ ಕುಂತಿತ್ತು.

ಅರಣ್ಯ ಇಲಾಖೆಗೆ ಹೇಳಬೇಕಾಗಿತ್ತು. ನಂಬರ್ ಹುಡುಕಿ ಫೋನಿನಾಗ ಇಟಗೊಂಡೆ. ನಾಕು ಸಲ ತಗದೆ, ನಾಕು ಸಲ ಬಂದ್ ಮಾಡಿದೆ. ಮುಂಗಡ ನಂದು, ಹೆಸರು ನಂದು, ಕೆಲಸ ಹೋದೀತು, ಓಣ್ಯಾಗ ಏನಂದಾರು. ಸಂಜಿ ಐದಕ್ಕ ಮತ್ತ ಹೋದೆ. ಡಬ್ಬಿ ಪಡುವಲ ಕಡೆ ಗ್ವಾಡಿಗೆ ಇಟ್ಟಿದ್ರು, ಬಿಸಲು ನೇರ ಅದರ ಮ್ಯಾಲ. "ಯಾರೂ ಬಂದಿಲ್ರೀ, ನಾಳಿ ರಿಟರ್ನ್ ಹಾಕ್ತೀವಿ" ಅಂದ ಹುಡುಗ. ನಾ ಹತ್ರ ಹೋದೆ. ವಾಸನಿ ಬಂತು. ಸಮುದ್ರದ ಜೀವ ಸತ್ತ ವಾಸನಿ ನನಗ ಗೊತ್ತದ. ಹುಡುಗ ಮೂಗು ಮುಚ್ಚಿಕೊಂಡು "ಎಂಥಾ ಗಿಡ ಕಳಿಸ್ಯಾರೋ" ಅಂದ. ನಾ ಏನೂ ಅನ್ನಲಿಲ್ಲ. ಆಗೂ ಅನ್ನಲಿಲ್ಲ.

ಇಷ್ಟು ಬರಿಬೇಕು ಅಂತ ಕುಂತಿರಲಿಲ್ಲ. ಹವಳ ಯಾಕ ಇಡಂಗಿಲ್ಲ ಅನ್ನೂದು ಒಂದು ಪುಟದಾಗ ಬರದು ಮುಗಸೂದಿತ್ತು. ಆ ಮನಷ್ಯಾನ ನಂಬರು, ಫೋಟೋ, ಹಣ ಹಾಕಿದ ರಸೀದಿ ಎಲ್ಲಾ ಒಂದು ಲಕೋಟಿಯಾಗ ಇಟ್ಟೀನಿ. ಸೋಮವಾರ ಅರಣ್ಯ ಕಚೇರಿಗೆ ಹೋಗ್ತೀನಿ. ನೀ ಸಂಗಾಟ ಬಂದ್ರ ಛಲೋ ಆಗ್ತಿತ್ತು ಅಂತ ಕೇಳಬೇಕು ಅಂದ್ಕೊಂಡಿದ್ದೆ. ಕೇಳೇ ಬಿಟ್ಟೆ ನೋಡು.

ಇರಲಿ. ಒಂದು ಖುಷಿ ಸುದ್ದಿ ಅದ. ಕ್ಲೌನ್ ಮೀನು ತತ್ತಿ ಇಟ್ಟಾವ! ಎರಡೂ ಗಂಡು ಅಂತ ನೀ ಅಂದಿದ್ದಿ, ಖರೇನ, ಇವು ಹುಟ್ಟೂದ ಎಲ್ಲಾ ಗಂಡು. ಜೋಡ್ಯಾಗ ದೊಡ್ಡದು ಹೆಣ್ಣಾಗ್ತದ. ಅವ್ವನ ತುಳಸಿ ಗಿಡದ ಒಡದ ಮಣ್ಣಿನ ಕುಂಡ ಟ್ಯಾಂಕಿನಾಗ ಇಟ್ಟಿದ್ದೆ, ಅದರ ಬೆನ್ನಿಗೆ ಅಂಟಿಸ್ಯಾವ. ಮೊದಲ ಕಿತ್ತಳಿ ಬಣ್ಣ ಇದ್ದವು, ಈಗ ತತ್ತಿ ತತ್ತಿಯೊಳಗ ಬೆಳ್ಳಿ ಕಣ್ಣು ಕಾಣ್ತಾವ. ಗಂಡು ಹಗಲೆಲ್ಲ ರೆಕ್ಕಿಯಿಂದ ಗಾಳಿ ಬೀಸಿಕೋಂತ ಅಲ್ಲೇ ನಿಂತಾನ, ಉಣ್ಣೂದೂ ಬಿಟ್ಟಾನ. ಮರಿಗೆ ಮೊದಲನೇ ದಿನಕ್ಕ ಕಣ್ಣಿಗೆ ಕಾಣದಂಥಾ ಹುಳ ಬೇಕು, ಅಡಿಗಿ ಮನ್ಯಾಗ ಆರು ಬಾಟಲಿಯಾಗ ಬೆಳಸೀನಿ, ಅವ್ವ ಉಪ್ಪಿನಕಾಯಿ ಭರಣಿ ಅತ್ತ ಸರಿಸಿ ಜಾಗಾ ಕೊಟ್ಟಾಳ. ಎಷ್ಟು ಉಳೀತಾವೋ ನೋಡಬೇಕು. ಉಳದ್ರ ನಿನಗ ಎರಡು, ಆದ್ರ ಬಕೆಟಿನಾಗ ಒಯ್ಯೂಹಂಗಿಲ್ಲ.

ಇವತ್ತಿಗೆ ಎಂಟನೇ ರಾತ್ರಿ. ಕತ್ತಲಾದ ಮ್ಯಾಲನ ಒಡೀತಾವ. ಮಗಳು ಹಾಸಿಗಿ ತಂದು ಟ್ಯಾಂಕಿನ ಮುಂದ ಹಾಕ್ಯಾಳ, "ಅಪ್ಪಾ, ಲೈಟ್ ಆರಸು" ಅಂತ ಮೂರು ಸಲ ಕರದ್ಳು.

ನಿನ್ನಾಂವ